ಗೆರಿಟ್ ನಾಲ್ಕು ವರ್ಷ ಬಳಸಿದ ಮೇಲೆ: ಈಗ ಸರದಿ ಯಾರದ್ದು ಅಂತ ಗೊತ್ತಾಗತ್ತೆ

ನಮ್ಮದು 9 ಜನರ ಬ್ಯಾಕೆಂಡ್ ಟೀಮ್, ಕೋಡ್ ರಿವ್ಯೂ, ಅಂದ್ರೆ ಒಬ್ರು ಬರೆದ ಕೋಡ್ ಒಳಗೆ ಸೇರೋ ಮುಂಚೆ ಇನ್ನೊಬ್ರು ಓದಿ ನೋಡೋ ಕೆಲಸ, ಪೂರ್ತಿ ಗೆರಿಟ್ ಅನ್ನೋ ಟೂಲ್‌ಗೆ ತಂದು ನಾಲ್ಕು ವರ್ಷ ಆಯ್ತು. ಸ್ಕ್ರೀನ್ ಚೆನ್ನಾಗಿದ್ಯಾ ಅಂತ ಕೇಳಿದ್ರೆ ಸುಮಾರಾಗಿದೆ ಅಂತೀನಿ, ಎರಡು ತಿಂಗಳಲ್ಲಿ ಅದು ಕಣ್ಣಿಗೆ ಒಗ್ಗಿಹೋಗತ್ತೆ. ನಾನು ಹೇಳಬೇಕಾಗಿರೋದು ಟೀಮಿನೊಳಗೆ ರಿವ್ಯೂ ಹೇಗೆ ಓಡತ್ತೆ ಅನ್ನೋದರ ಬಗ್ಗೆ.

ಮುಂಚೆ ಬೇರೆ ಟೂಲ್ ಇತ್ತು. ಕೋಡ್ ಬರೆದೋರು ಇಬ್ಬರ ಹೆಸರು ಸೇರಿಸೋರು, ಇವ್ರು ನೋಡ್ತಾರೆ ಅಂತ ಅವ್ರು, ಅವ್ರು ನೋಡ್ತಾರೆ ಅಂತ ಇವ್ರು. ಒಂದ್ಸಲ ಬರೀ 40 ಸಾಲಿನ ಬದಲಾವಣೆ 9 ದಿನ ಹಾಗೇ ಬಿದ್ದಿತ್ತು. ಬರೆದೋಳು ಟೀಮಿಗೆ ಹೊಸಬಳು, ಕೇಳೋಕೆ ಸಂಕೋಚ, ತನ್ನ ಕೋಡೇ ಸರಿಯಿಲ್ಲ ಅದಕ್ಕೇ ಯಾರೂ ಮುಟ್ತಿಲ್ಲ ಅಂದ್ಕೊಂಡಿದ್ಲಂತೆ, ಆಮೇಲೆ ಮಾತಾಡುವಾಗ ಹೇಳಿದ್ಲು. ಅದನ್ನ ಕೇಳಿ ನಿಜವಾಗ್ಲೂ ಬೇಜಾರಾಯ್ತು, ಯಾಕಂದ್ರೆ ಆ ಇಬ್ಬರಲ್ಲಿ ನಾನೂ ಒಬ್ಬ.

ಗೆರಿಟ್‌ನಲ್ಲಿ ಇದಕ್ಕೆ ಅಟೆನ್ಷನ್ ಸೆಟ್ ಅಂತ ಇದೆ, 2020ರ ಕೊನೇಲಿ 3.3 ಆವೃತ್ತಿ ಜೊತೆ ಬಂದಿದ್ದು. ಯಾರ ಸರದಿನೋ ಅವ್ರ ಹೆಸರಿನ ಪಕ್ಕ ಒಂದು ಬಾಣದ ಗುರುತು ಬರತ್ತೆ ಅಷ್ಟೇ. ರಿವ್ಯೂವರ್ ಕಾಮೆಂಟ್ ಹಾಕಿ ಕಳಿಸಿದ್ರೆ ಗುರುತು ಬರೆದೋರ ಕಡೆ ಹೋಗತ್ತೆ, ಅವ್ರು ಉತ್ತರ ಕೊಟ್ರೆ ವಾಪಸ್ ಬರತ್ತೆ, ಬೇಕಾದ್ರೆ ಕಳಿಸೋ ಮುಂಚೆ ನಾವೇ ಬದಲಾಯಿಸ್ಬೋದು. ಬೆಳಗ್ಗೆ ಡ್ಯಾಶ್‌ಬೋರ್ಡ್ ತೆಗೆದ್ರೆ ಮೇಲೇ ‘ನಿಮ್ಮ ಸರದಿ’ ಅನ್ನೋ ಪಟ್ಟಿ. ನಾವು ಒಂದೇ ನಿಯಮ ಇಟ್ಕೊಂಡಿದೀವಿ, ಆ ಪಟ್ಟಿಲಿ ಏನೇ ಇದ್ರೂ ಒಂದು ಕೆಲಸದ ದಿನದೊಳಗೆ ಏನಾದ್ರೂ ಉತ್ತರ ಹೋಗ್ಬೇಕು, ‘ನನಗೆ ಈ ಭಾಗ ಗೊತ್ತಿಲ್ಲ, ಬೇರೆಯವ್ರಿಗೆ ದಾಟಿಸ್ತೀನಿ’ ಅಂದ್ರೂ ಸರಿ. ಈ ದಾಟಿಸೋ ಪದ್ಧತಿ ಬಂದ್ಮೇಲೆ ಕೋಡ್ ಮೂಲೆಗೆ ಬಿದ್ದಿರೋದು ನಿಂತೋಯ್ತು, ಜನ ಸುಮ್ನೆ ಕೂರೋ ಬದಲು ಬಾಯಿಬಿಟ್ಟು ಹೇಳ್ತಾರೆ.

ರಿವ್ಯೂ ಮಾಡೋರು ಕೋಡಿಗೆ ವೋಟ್ ಹಾಕ್ತಾರೆ, ಅದರ ಲೆಕ್ಕ ಮೊದಮೊದಲು ಗೊಂದಲ. -2ರಿಂದ +2 ತನಕ ಇದೆ, ಎರಡು +1 ಸೇರಿ +2 ಆಗಲ್ಲ, ಇದನ್ನ ಪ್ರತಿ ಹೊಸಬರಿಗೂ ಹೇಳ್ಬೇಕು. +1 ಅಂದ್ರೆ ‘ನನಗೆ ಸರಿ ಕಾಣ್ತಿದೆ, ಇನ್ನೊಬ್ರು ಒಪ್ಪಿಗೆ ಕೊಡ್ಲಿ’, +2 ಅಂದ್ರೆ ‘ಇದು ಒಳಗೆ ಹೋಗ್ಬೋದು, ಜವಾಬ್ದಾರಿ ನಂದೂ ಹೌದು’. ನನಗೆ ಈ ವ್ಯತ್ಯಾಸ ತುಂಬಾ ಇಷ್ಟ, ಯಾಕಂದ್ರೆ ಜೂನಿಯರ್‌ಗಳು ಭಯ ಇಲ್ದೆ +1 ಹಾಕ್ತಾರೆ, ಹಾಕಕ್ಕೋಸ್ಕರ ಓದ್ತಾರೆ, ಓದ್ತಾ ಓದ್ತಾ ಕೋಡ್ ಕಲೀತಾರೆ. ಒಂದು ಎಚ್ಚರಿಕೆ ಮಾತ್ರ, ಬರೆದೋರೇ ತಮ್ಮ ಕೋಡಿಗೆ +2 ಕೊಟ್ಕೊಳ್ಳೋದನ್ನ ಸೆಟ್ಟಿಂಗ್‌ನಲ್ಲಿ ನೀವೇ ತಡೀಬೇಕು, ನಮಗಿದು ಆರು ತಿಂಗಳಾದ್ಮೇಲೆ ಗೊತ್ತಾಯ್ತು.

ಇನ್ನು ಪ್ಯಾಚ್ ಸೆಟ್. ಇದಿಲ್ಲದ ರಿವ್ಯೂ ನನಗೀಗ ಕುರುಡು ಅನ್ಸತ್ತೆ. ಅದೇ ಕಮಿಟ್ (ಒಟ್ಟಿಗೆ ಉಳಿಸಿಟ್ಟ ಒಂದು ಕಂತು ಬದಲಾವಣೆ) ತಿದ್ದಿ ಮತ್ತೆ ಪುಶ್ ಮಾಡಿದ್ರೆ, ಅಂದ್ರೆ ಸರ್ವರ್‌ಗೆ ಕಳಿಸಿದ್ರೆ, ಅದರ ಹೊಸ ಆವೃತ್ತಿ, ಅಂದ್ರೆ ಹೊಸ ಪ್ಯಾಚ್ ಸೆಟ್ ಆಗತ್ತೆ, ಯಾವ ಎರಡರ ನಡುವೆ ಬೇಕಾದ್ರೂ ಏನು ಬದಲಾಗಿದೆ ಅಂತ ನೋಡ್ಬೋದು. ಒಂದ್ಸಲ ನಾನು 3ನೇ ಪ್ಯಾಚ್ ಸೆಟ್‌ಗೆ +2 ಕೊಟ್ಟಿದ್ದೆ, ‘ಹೆಸರು ಮಾತ್ರ ಬದಲಾಯಿಸಿದೀನಿ’ ಅಂತ 4ನೇದು ಬಂತು. ಕೋಡ್ ಬದಲಾದ ಕಾರಣ ನನ್ನ +2 ತಾನಾಗೇ ಬಿದ್ದೋಗಿತ್ತು, ಹಾಗಾಗಿ ಮತ್ತೆ ತೆಗೆದು 3ಕ್ಕೂ 4ಕ್ಕೂ ಹೋಲಿಸಿ ನೋಡಿದ್ರೆ ಬರೀ ಆರು ಸಾಲು, ಅದ್ರಲ್ಲಿ ಒಂದು ಟೈಮೌಟ್, ಅಂದ್ರೆ ಎಷ್ಟು ಹೊತ್ತು ಕಾಯಬೇಕು ಅನ್ನೋ ಮಿತಿ. ಹೆಸರಲ್ಲಿದ್ದ ‘ಮಿಲಿಸೆಕೆಂಡ್’ ಹೋಗಿ ‘ಸೆಕೆಂಡ್’ ಆಗಿತ್ತು, ಮುಂದಿನ ಸಂಖ್ಯೆ ಮಾತ್ರ 5000 ಹಾಗೇ ಇತ್ತು. ಐದು ಸೆಕೆಂಡ್ ಕಾಯಬೇಕಾದ ಸರ್ವಿಸ್ ಒಂದೂಕಾಲು ಗಂಟೆಗಿಂತ ಜಾಸ್ತಿ ಕಾಯ್ತಾ ಕೂರೋದು. ಪೂರ್ತಿ ಡಿಫ್ (ಬದಲಾದ ಸಾಲುಗಳ ಪಟ್ಟಿ) ಮೊದಲಿಂದ ಓದೋ ಹಾಗಿದ್ದಿದ್ರೆ 300 ಸಾಲಿನ ಮಧ್ಯೆ ನನ್ನ ಕಣ್ಣಿಗೆ ಖಂಡಿತ ಬೀಳ್ತಿರ್ಲಿಲ್ಲ.

300 ಸಾಲು ಅಂದೆ, ನಮ್ಮಲ್ಲಿ ಅದೇ ಜಾಸ್ತಿ. ಸ್ಮಾರ್ಟ್‌ಬೇರ್ ಅನ್ನೋ ಕಂಪನಿ ಸಿಸ್ಕೋದಲ್ಲಿ ಮಾಡಿದ ಅಧ್ಯಯನ ಒಂದಿದೆ, ಒಂದ್ಸಲಕ್ಕೆ 200ರಿಂದ 400 ಸಾಲು ದಾಟಿದ್ರೆ ತಪ್ಪು ಹಿಡಿಯೋ ಶಕ್ತಿ ಕಮ್ಮಿ ಆಗತ್ತೆ ಅಂತ, ನಮ್ಮ ಅನುಭವನೂ ಅದೇ. ಗೆರಿಟ್‌ನಲ್ಲಿ ಒಂದು ಕಮಿಟ್ ಅಂದ್ರೆ ಒಂದು ರಿವ್ಯೂ, ಹಾಗಾಗಿ ದೊಡ್ಡ ಕೆಲಸನ ಸಣ್ಣ ಸಣ್ಣ ಕಮಿಟ್‌ಗಳ ಸರಪಳಿ ಮಾಡೋದು ಅಭ್ಯಾಸ ಆಗೋಗತ್ತೆ.

ಕಷ್ಟನೂ ಹೇಳ್ತೀನಿ. ಆ ಸರಪಳಿಲಿ ಕೆಳಗಿನ ಕಮಿಟ್ ತಿದ್ದಿದ್ರೆ ಮೇಲಿನದ್ದೆಲ್ಲ ರಿಬೇಸ್ ಮಾಡ್ಬೇಕು, ಅಂದ್ರೆ ತಿದ್ದಿದ್ದರ ಮೇಲೆ ಮತ್ತೆ ಕೂರಿಸ್ಬೇಕು, ಗಿಟ್ (ಕೋಡಿನ ಆವೃತ್ತಿಗಳನ್ನ ಇಡೋ ಟೂಲ್) ಸರಿಯಾಗಿ ಬರದೋರು ಮೊದಲ ತಿಂಗಳು ಒದ್ದಾಡ್ತಾರೆ. ಕಮಿಟ್ ಸಂದೇಶದಲ್ಲಿ ಚೇಂಜ್ ಐಡಿ (ಆ ಬದಲಾವಣೆನ ಗುರುತಿಸೋ ಸಂಕೇತ) ಇಲ್ದಿದ್ರೆ ಪುಶ್ ವಾಪಸ್ ಬರತ್ತೆ, ಅದನ್ನ ತಾನಾಗೇ ಸೇರಿಸೋ ಹುಕ್ ಅನ್ನೋ ಸಣ್ಣ ಸ್ಕ್ರಿಪ್ಟ್ ಹಾಕ್ಕೊಳ್ಳೋದು ಎಲ್ಲರೂ ಮೊದಲ ದಿನ ಮರೀತಾರೆ. ಈಗ ಹೊಸಬರ ಪಕ್ಕ ಕೂತು ಅರ್ಧ ಗಂಟೆ, ಅಭ್ಯಾಸಕ್ಕೆ ಅಂತ ಇಟ್ಟಿರೋ ಒಂದು ರೆಪೊಸಿಟರಿಲಿ (ಕೋಡ್ ಇಡೋ ಜಾಗ) ಪುಶ್, ಅಮೆಂಡ್ (ಕಮಿಟ್ ತಿದ್ದೋದು), ಮತ್ತೆ ಪುಶ್ ಮಾಡಿಸ್ತೀವಿ, ಡಾಕ್ಯುಮೆಂಟ್ ಓದಿ ಅಂತ ಬಿಟ್ಟಾಗ ಅದು ನಡೀಲಿಲ್ಲ.

ಸಾಫ್ಟ್‌ವೇರ್ ಪುಕ್ಕಟೆ, ಓಪನ್ ಸೋರ್ಸ್, ಆಂಡ್ರಾಯ್ಡ್ ಕೋಡೇ ಇದರಲ್ಲಿ ರಿವ್ಯೂ ಆಗತ್ತೆ. ಆದ್ರೆ ಸರ್ವರ್ ನೀವೇ ನಡೆಸೋದಾದ್ರೆ ಅಪ್‌ಗ್ರೇಡ್, ಬ್ಯಾಕಪ್ ನೋಡ್ಕೊಳ್ಳೋಕೆ ಒಬ್ರು ಬೇಕೇ ಬೇಕು, ನಮ್ಮಲ್ಲಿ ಅದಕ್ಕೆ ತಿಂಗಳಿಗೆ ಒಂದು ದಿನ ಹೋಗತ್ತೆ. ಇಬ್ರು ಮೂವರ ಟೀಮ್ ಆದ್ರೆ ಇಷ್ಟೆಲ್ಲ ಬೇಡ, ಪಕ್ಕದಲ್ಲಿ ಕೂತು ತೋರಿಸಿದ್ರೆ ಸಾಕು. ಆರೇಳು ಜನ ದಾಟಿದ್ರೆ ಹಾಕಿ ನೋಡಿ, ಮೊದಲು ಒಂದೇ ಒಂದು ರೆಪೊಸಿಟರಿಗೆ.