ಜ್ಯಾರೆಟ್ ಅವರ ‘ಕಲೋನ್ ಕಾನ್ಸರ್ಟ್’, ಕಪುಸ್ತಿನ್ ಅವರ ಎಟ್ಯೂಡ್‌ಗಳು: ನನ್ನ ಮತ ಯಾರಿಗೆ?

ಶಾಸ್ತ್ರೀಯ ಸಂಗೀತಕ್ಕೂ ಜಾಝ್‌ಗೂ ಸಮನಾಗಿ ಸೇರುವ ಒಂಟಿ ಪಿಯಾನೋ ಎಂದರೆ ನನಗೆ ಮೊದಲು ನೆನಪಾಗುವುದು ಈ ಎರಡು: ಜ್ಯಾರೆಟ್ ಅವರ ಕಚೇರಿಯ ಧ್ವನಿಮುದ್ರಣ ‘ಕಲೋನ್ ಕಾನ್ಸರ್ಟ್’, ಕಪುಸ್ತಿನ್ ಅವರ ಎಟ್ಯೂಡ್‌ಗಳು (ಕೈ ಪಳಗಿಸುವ ಬಿಡಿ ಕೃತಿಗಳು). ಎರಡನ್ನೂ ತುಂಬಾ ಕೇಳಿದ್ದೇನೆ. ಎರಡರ ನೊಟೇಶನ್ (ಸ್ವರಲಿಪಿ) ಇಟ್ಟುಕೊಂಡು ನುಡಿಸಿಯೂ ನೋಡಿದ್ದೇನೆ.

ಅಮೆರಿಕದ ಜಾಝ್ ಪಿಯಾನೋ ವಾದಕ ಕೀತ್ ಜ್ಯಾರೆಟ್ 1975ರ ಜನವರಿ 24ರ ರಾತ್ರಿ ಜರ್ಮನಿಯ ಕಲೋನ್‌ನ ಒಪೆರಾ ಹೌಸ್‌ನಲ್ಲಿ ನುಡಿಸಿದ್ದು ಬಹುಪಾಲು ಮನೋಧರ್ಮವೇ, ಅಂದರೆ ಮೊದಲೇ ಬರೆಯದೆ ಅಲ್ಲೇ ಹುಟ್ಟಿದ್ದು. ಅಲ್ಲಿ ಸಿಕ್ಕ ಪಿಯಾನೋ ಸರಿಯಿರಲಿಲ್ಲ. ಮೇಲಿನ ಸ್ವರಗಳು ಕೀರಲು, ಕೆಳಗಿನವು ಸಪ್ಪೆ. ಹಾಗಾಗಿ ಅವರು ಜಾಸ್ತಿ ಹೊತ್ತು ನಡುಭಾಗದಲ್ಲೇ ಉಳಿದರು. 26 ನಿಮಿಷದ ಮೊದಲ ಭಾಗದಲ್ಲಿ ಎಡಗೈ ಎ ಮೈನರ್, ಜಿ ಮೇಜರ್ ಎಂಬ ಎರಡೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದು ನಿಮಿಷಗಟ್ಟಲೆ ಸುತ್ತುತ್ತದೆ. ಮಧ್ಯೆ ಅವರು ನರಳುವುದು, ಕಾಲು ಕುಟ್ಟುವುದು ಕೇಳಿಸುತ್ತದೆ. ಮುಂದಿನ ಸ್ವರ ಅವರಿಗೂ ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದಾರೆ ಅನ್ನಿಸಿ ಮೈ ಜುಮ್ಮೆನ್ನುತ್ತದೆ. ಎರಡನೇ ಭಾಗದ ನಡುವೆ ಮಾತ್ರ ನನಗೆ ಸ್ವಲ್ಪ ಎಳೆದಂತಾಗುತ್ತದೆ.

ಅದನ್ನೇ ನೊಟೇಶನ್ ನೋಡಿ ನುಡಿಸಿದರೆ? ಸ್ವರಗಳೆಲ್ಲ ಇವೆ, ಹುಡುಕಾಟ ಇಲ್ಲ. ಅದೇ ಎರಡು ಕಾರ್ಡ್ ಸುಮ್ನೆ ಮತ್ತೆ ಮತ್ತೆ ಬಂದಂತಾಗುತ್ತದೆ. ನೊಟೇಶನ್ ಅಚ್ಚಾಗಲು ಜ್ಯಾರೆಟ್ ಒಲ್ಲದ ಮನಸ್ಸಿನಿಂದಲೇ ಒಪ್ಪಿದ್ದರು. ಧ್ವನಿಮುದ್ರಣವನ್ನೇ ಪ್ರಮಾಣ ಎಂದು ಹಿಡಿಯಿರಿ ಎಂದಿದ್ದರು. ಅದು ಎಷ್ಟು ಸರಿ ಎಂದು ಬೆರಳಿಗೆ ಗೊತ್ತಾಗುತ್ತದೆ.

ಸೋವಿಯತ್ ಕಾಲದ ಸಂಗೀತ ರಚನಕಾರ, ಪಿಯಾನೋ ವಾದಕ ನಿಕೊಲಾಯ್ ಕಪುಸ್ತಿನ್ ಇದಕ್ಕೆ ಪೂರಾ ಉಲ್ಟಾ. ಮಾಸ್ಕೋ ಕನ್ಸರ್ವೇಟರಿಯಲ್ಲಿ ಕಲಿತವರು, ಒಲೆಗ್ ಲುಂಡ್‌ಸ್ಟ್ರೆಮ್ ಅವರ ಜಾಝ್ ಆರ್ಕೆಸ್ಟ್ರಾದಲ್ಲಿ ವರ್ಷಗಟ್ಟಲೆ ನುಡಿಸಿದವರು. ಆದರೂ ತಾನು ಜಾಝ್ ವಾದಕ ಅಲ್ಲ ಎನ್ನುತ್ತಿದ್ದರು. 1984ರ ಎಂಟು ಕಾನ್ಸರ್ಟ್ ಎಟ್ಯೂಡ್‌ಗಳಲ್ಲಿ, ಅಂದರೆ ಓಪಸ್ (ಕೃತಿ ಸಂಖ್ಯೆ) 40ರಲ್ಲಿ, ಪ್ರತಿಯೊಂದು ಸ್ವರವೂ ಬರೆದದ್ದೇ. ಕೇಳಿದರೆ ಆಗಷ್ಟೇ ಹುಟ್ಟಿದಂತಿರುತ್ತದೆ! ಏಳನೆಯದು, ‘ಇಂಟರ್‌ಮೆಝೊ’, ಆರಾಮಾಗಿ ತೂಗುತ್ತಾ ಶುರುವಾಗಿ ನೋಡನೋಡುತ್ತಲೇ ಬೆರಳಿಗೆ ಉಸಿರಾಡಲು ಬಿಡುವುದಿಲ್ಲ. ನಿಧಾನವಾಗಿ ನುಡಿಸಿದರೂ ಅದರ ಲಯ ಕೆಡುವುದಿಲ್ಲ. ನನ್ನಂಥವರಿಗೂ ಅದು ಏನಾದರೂ ಕೊಡುತ್ತದೆ.

ಜಾಝ್ ಪಿಯಾನೋ ವಾದಕ ಬ್ರಾಡ್ ಮೆಲ್ಡೌ ಅವರ 2018ರ ಆಲ್ಬಂ ‘ಆಫ್ಟರ್ ಬಾಖ್’ ಕೂಡ ಕೇಳಿದೆ. 18ನೇ ಶತಮಾನದ ಜರ್ಮನ್ ಸಂಗೀತ ರಚನಕಾರ ಬಾಖ್ ಅವರ ಕೃತಿ, ಅದರ ಬೆನ್ನಿಗೆ ಅದರಿಂದ ಹುಟ್ಟಿದ ತಮ್ಮದು. ಚೆನ್ನಾಗಿದೆ, ಆದರೆ ಬಾಖ್ ಮೊದಲೇ ಗೊತ್ತಿದ್ದರೆ ರುಚಿ ಜಾಸ್ತಿ.

ಒಂದೇ ಆರಿಸು ಎಂದರೆ ನನ್ನ ಮತ ಕಪುಸ್ತಿನ್‌ಗೆ. ಕಲೋನ್ ಆ ರಾತ್ರಿಯದು, ಜ್ಯಾರೆಟ್ ಒಬ್ಬರದು. ಓಪಸ್ 40 ಬೇರೆಯವರ ಕೈಯಲ್ಲೂ ಜೀವಂತ. ಕಪುಸ್ತಿನ್ ತಾವೇ ನುಡಿಸಿದ್ದಿದೆ, ಪಿಯಾನೋ ವಾದಕ ಮಾರ್ಕ್-ಆಂಡ್ರೆ ಹ್ಯಾಮೆಲಿನ್ ನುಡಿಸಿದ್ದೂ ಇದೆ. ‘ಇಂಟರ್‌ಮೆಝೊ’ ಒಂದನ್ನೇ ಇಬ್ಬರಲ್ಲೂ ಒಂದಾದ ಮೇಲೊಂದು ಕೇಳಿ ನೋಡಿ.