ವಾರದ ಮಾತ್ರೆ ದಿನದ ಮಾತ್ರೆಯಾದಾಗ: ಪರಿಹಾರದ ಕೇಸು ಹಾಳಾಗುವುದು ಮನೆಯಲ್ಲೇ

ಮೆಥೋಟ್ರೆಕ್ಸೇಟ್ ಅಂತ ಒಂದು ಪುಟ್ಟ ಹಳದಿ ಮಾತ್ರೆ ಇದೆ. ಸಂಧಿವಾತಕ್ಕೆ, ಸೋರಿಯಾಸಿಸ್‌ಗೆ ಕೊಡುತ್ತಾರೆ. ವಾರಕ್ಕೆ ಒಂದೇ ದಿನ ನುಂಗಬೇಕು. ಜತೆಗೆ ಬರೆಯುವ ಫೋಲಿಕ್ ಆಸಿಡ್ 5 ಮಿ.ಗ್ರಾಂ. ಕೂಡ ಎಷ್ಟೋ ಸಲ ಪುಟ್ಟ ಹಳದಿ ಮಾತ್ರೆಯೇ. ಅನಾಹುತ ಶುರುವಾಗುವುದು ಇಲ್ಲಿಂದ. ಡಾಕ್ಟರು ಗೀಚಿದ 'ವೀಕ್ಲಿ' ಅಂಗಡಿಯ ಹುಡುಗನಿಗೆ ಕಾಣುವುದಿಲ್ಲ, ಅವನು ಕವರಿನ ಮೇಲೆ 1-0-0 ಅಂತ ಬರೆದುಕೊಡುತ್ತಾನೆ. ಮನೆಯವರು ಶ್ರದ್ಧೆಯಿಂದ ದಿನಾ ಬೆಳಗ್ಗೆ ಒಂದೊಂದು ಕೊಡುತ್ತಾರೆ. ವಾರದೊಳಗೆ ಬಾಯಿ ತುಂಬ ಹುಣ್ಣು, ಗಂಜಿಯೂ ಇಳಿಯುವುದಿಲ್ಲ, ಆಮೇಲೆ ಜ್ವರ. ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಪಾತಾಳಕ್ಕೆ. ನೇರ ಐಸಿಯು.

ಆಗ ಮೊದಲು ಮಾಡಬೇಕಾದ ಕೆಲಸ ಚಿಕಿತ್ಸೆಯದು, ಆದರೆ ಕಾನೂನಿನ ಲೆಕ್ಕದಲ್ಲೂ ಅದೇ ಮೊದಲು. ಕ್ಯಾಜುವಾಲ್ಟಿಯಲ್ಲಿ 'ಬಾಯಿ ಹುಣ್ಣು, ಜ್ವರ' ಎಂದಷ್ಟೇ ಹೇಳಬೇಡಿ. 'ಮೆಥೋಟ್ರೆಕ್ಸೇಟ್ ಇಂಥ ತಾರೀಖಿನಿಂದ ದಿನಾ ತಗೊಂಡಿದ್ದಾರೆ' ಎಂದು ಹೇಳಿ, ಸ್ಟ್ರಿಪ್ ತೋರಿಸಿ. ಇದಕ್ಕೆ ಪ್ರತಿಮದ್ದು ಲ್ಯೂಕೋವೊರಿನ್, ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಫೋಲಿಕ್ ಆಸಿಡ್ ಮಾತ್ರೆ ಅದರ ಬದಲಿಗೆ ಬರುವುದಿಲ್ಲ. ನೀವು ಹೇಳಿದ ಮಾತು ಕೇಸ್ ಶೀಟಿನ ಮೊದಲ ಪುಟಕ್ಕೆ ಹೋಗುತ್ತದೆ. ಎರಡು ವರ್ಷದ ನಂತರ ವಕೀಲರು ಎತ್ತಿ ತೋರಿಸುವುದು ಆ ಪುಟವನ್ನೇ. ಕೇಸು ಹಾಕುವ ಯೋಚನೆ ಯಾರಿಗೂ ಬರುವ ಮುಂಚೆ ಬರೆದದ್ದಾದ್ದರಿಂದ ಅದಕ್ಕೆ ತೂಕ ಹೆಚ್ಚು.

ಇನ್ನು ಸ್ಟ್ರಿಪ್. 'ಈ ಹಾಳು ಮಾತ್ರೆ ಮನೇಲಿ ಬೇಡ' ಅಂತ ಎಸೆದುಬಿಡುವವರೇ ಹೆಚ್ಚು. ಒಂದು ಲೆಕ್ಕ ನೋಡಿ: ಹತ್ತು ಮಾತ್ರೆಯ ಸ್ಟ್ರಿಪ್, ಬಿಲ್ಲಿನ ತಾರೀಖು 3, ಮರುದಿನದಿಂದ ಶುರು, 11ಕ್ಕೆ ಆಸ್ಪತ್ರೆ, ಉಳಿದದ್ದು ಎರಡು. ವಾರಕ್ಕೊಂದರಂತೆ ನುಂಗಿದ್ದರೆ ಎಂಟು ಉಳಿಯಬೇಕಿತ್ತು. ಸಾಕ್ಷಿಗಳ ಬಾಯಿಮಾತಿಗಿಂತ ಈ ಎರಡು ಮಾತ್ರೆ ಗಟ್ಟಿ. ಸ್ಟ್ರಿಪ್, 1-0-0 ಬರೆದ ಕಾಗದದ ಕವರು, ಡಾಕ್ಟರು ಬರೆದ ಚೀಟಿ, ಬಿಲ್ಲು, ನಾಲ್ಕನ್ನೂ ಹಿಂದೆ ಮುಂದೆ ಫೋಟೊ ತೆಗೆದು, ಒಂದು ಲಕೋಟೆಗೆ ಹಾಕಿಡಿ. ಬಿಲ್ಲು ಕೇಳಿ ತಗೊಂಡಿರಲಿಲ್ಲವಾದರೆ ಫೋನ್‌ಪೇ, ಗೂಗಲ್ ಪೇ ಸಂದೇಶ ಹುಡುಕಿ. 'ಚೀಟಿ ತನ್ನಿ, ನೋಡೋಣ' ಅಂತ ಅಂಗಡಿಯವರೋ ಕ್ಲಿನಿಕ್ಕಿನವರೋ ಕರೆದರೆ ಜೆರಾಕ್ಸ್ ಒಯ್ಯಿರಿ. ಮೂಲ ಚೀಟಿ ವಾಪಸ್ ಬರುವಾಗ ಅದರಲ್ಲಿ 'ವೀಕ್ಲಿ' ಎಷ್ಟು ದುಂಡಾಗಿ ಕಾಣುತ್ತದೋ ಹೇಳುವಂತಿಲ್ಲ.

ಆಸ್ಪತ್ರೆಯ ದಾಖಲೆಗೆ ಬಾಯಲ್ಲಿ ಕೇಳಿದರೆ 'ನಾಳೆ ಬನ್ನಿ' ತಪ್ಪುವುದಿಲ್ಲ. ಮೆಡಿಕಲ್ ಸೂಪರಿಂಟೆಂಡೆಂಟರಿಗೆ ಬರೆದುಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು, ಒಳರೋಗಿಯ ದಾಖಲೆಯನ್ನು 3 ವರ್ಷ ಇಟ್ಟುಕೊಂಡಿರಬೇಕು. ಡಿಸ್ಚಾರ್ಜ್ ಸಮ್ಮರಿಯೊಂದಕ್ಕೇ ತೃಪ್ತಿಪಡಬೇಡಿ, ಅದು ಎಲ್ಲ ಮುಗಿದ ಮೇಲೆ ಕೂತು ಬರೆದ ಸಾರಾಂಶ. ಕೇಸ್ ಶೀಟ್, ನರ್ಸ್‌ಗಳ ಟಿಪ್ಪಣಿ, ಲ್ಯಾಬ್ ವರದಿ, ಎಲ್ಲಕ್ಕಿಂತ ಮುಖ್ಯವಾಗಿ ಡ್ರಗ್ ಚಾರ್ಟ್ ಅಂತ ಹೆಸರು ಹಿಡಿದು ಕೇಳಿ. ಯಾವ ಔಷಧಿ, ಎಷ್ಟು, ಎಷ್ಟು ಗಂಟೆಗೆ, ಕೊಟ್ಟವರು ಯಾರು ಎನ್ನುವುದು ಅದರಲ್ಲಿರುತ್ತದೆ. ತಪ್ಪು ಆಗಿದ್ದು ವಾರ್ಡಿನಲ್ಲೇ ಆಗಿದ್ದರೆ ಅದೇ ಜೀವಾಳ. ರೋಗಿ ತೀರಿಕೊಂಡರೆ ಪೋಸ್ಟ್ ಮಾರ್ಟಂ ಬೇಡ ಅನ್ನುವ ಮುಂಚೆ ಒಂದು ಗಳಿಗೆ ಯೋಚಿಸಿ. ಸಾವಿಗೆ ಆ ಮಾತ್ರೆಯೇ ಕಾರಣ ಅಂತ ಆಮೇಲೆ ತೋರಿಸುವುದು ಬಲು ಕಷ್ಟ.

ಸಿಟ್ಟಿನಲ್ಲಿ ಜನ ಮೊದಲು ಓಡುವುದು ಪೊಲೀಸ್ ಸ್ಟೇಷನ್ನಿಗೆ. ಹೋಗಬಾರದು ಅಂತಲ್ಲ, ಅದರಿಂದ ಏನು ಸಿಗುತ್ತದೆ ಅಂತ ಗೊತ್ತಿರಲಿ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ (2005) ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ವೈದ್ಯರ ಮೇಲೆ ಕ್ರಿಮಿನಲ್ ಕೇಸು ನಿಲ್ಲಬೇಕಾದರೆ ಸಾಮಾನ್ಯ ಅಜಾಗರೂಕತೆ ಸಾಲದು, ಘೋರ ನಿರ್ಲಕ್ಷ್ಯ ಇರಬೇಕು, ತನಿಖಾಧಿಕಾರಿ ಮೊದಲು ಬೇರೊಬ್ಬ ವೈದ್ಯರ, ಆದಷ್ಟೂ ಸರ್ಕಾರಿ ವೈದ್ಯರ, ಅಭಿಪ್ರಾಯ ಪಡೆಯಬೇಕು. ಭಾರತೀಯ ನ್ಯಾಯ ಸಂಹಿತೆಯ 106(1)ರಲ್ಲಿ ನಿರ್ಲಕ್ಷ್ಯದ ಸಾವಿಗೆ ನೋಂದಾಯಿತ ವೈದ್ಯರಿಗಾದರೆ 2 ವರ್ಷದವರೆಗೆ, ಉಳಿದವರಿಗೆ 5 ವರ್ಷದವರೆಗೆ ಶಿಕ್ಷೆ. ನಷ್ಟ ತುಂಬಿಕೊಡುವ ದಾರಿ ಇದಲ್ಲ. ಆಸ್ಪತ್ರೆಯ ಗಾಜು ಒಡೆದರಂತೂ ಕಥೆ ತಿರುವುಮುರುವು, ರಾಜ್ಯದ 2009ರ ಕಾಯ್ದೆಯಡಿ ನಿಮ್ಮ ಮೇಲೆಯೇ ಜಾಮೀನುರಹಿತ ಕೇಸು ಬೀಳುತ್ತದೆ.

ಕ್ರಿಮಿನಲ್ ಕೇಸಿನಿಂದ ನಷ್ಟ ತುಂಬುವುದಿಲ್ಲ ಅನ್ನುವುದಕ್ಕೆ ಕುನಾಲ್ ಸಾಹಾ ಪ್ರಕರಣ ಕಣ್ಣೆದುರಿನ ಉದಾಹರಣೆ. ಅವರ ಪತ್ನಿಗೆ 1998ರಲ್ಲಿ ಕೋಲ್ಕತ್ತಾದಲ್ಲಿ ಚರ್ಮದ ಗುಳ್ಳೆಗಳಿಗೆಂದು ದೀರ್ಘಕಾಲ ಕೆಲಸ ಮಾಡುವ ಡೆಪೊ-ಮೆಡ್ರಾಲ್ ಸ್ಟೀರಾಯ್ಡ್ ಅನ್ನು 80 ಮಿ.ಗ್ರಾಂ.ನಂತೆ ದಿನಕ್ಕೆರಡು ಬಾರಿ ಕೊಟ್ಟರು. ಅವರು ಉಳಿಯಲಿಲ್ಲ. ಕ್ರಿಮಿನಲ್ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿ ಬಿದ್ದುಹೋಯಿತು. ಅದೇ ಘಟನೆಗೆ ಗ್ರಾಹಕ ಕಾನೂನಿನಡಿ 2013ರಲ್ಲಿ ಸುಮಾರು 6 ಕೋಟಿ ರೂ. ಪರಿಹಾರ ಸಿಕ್ಕಿತು. ಅದಕ್ಕೆ ಹದಿನೈದು ವರ್ಷ ಹಿಡಿಯಿತು ಅನ್ನುವುದೂ ನೆನಪಿರಲಿ.

ಹಾಗಾಗಿ ದುಡ್ಡು ಬರುವ ದಾರಿ ಜಿಲ್ಲಾ ಗ್ರಾಹಕರ ಆಯೋಗ. ಗಡುವು 2 ವರ್ಷ. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಗ್ರಾಹಕ ದೂರುಗಳಿಗಿರುವ ಸರ್ಕಾರದ ಇ-ಜಾಗೃತಿ ಪೋರ್ಟಲ್‌ನಲ್ಲೂ ಆಗುತ್ತದೆ. ಜಿಲ್ಲಾ ಆಯೋಗದ 50 ಲಕ್ಷದ ಮಿತಿ ನೀವು ಕೇಳುವ ಪರಿಹಾರದ ಮೇಲಲ್ಲ, ಆಸ್ಪತ್ರೆಗೆ, ಅಂಗಡಿಗೆ ಕಟ್ಟಿದ ಹಣದ ಮೇಲೆ. ಕಟ್ಟಿದ್ದು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲದಿದ್ದರೂ ಇಂಥ ಕೇಸಿಗೆ ಇಟ್ಟುಕೊಳ್ಳುವುದೇ ವಾಸಿ. ಮಹಿಳೆಯರಿಗೆ, ಮಕ್ಕಳಿಗೆ, ಅಂಗವಿಕಲರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಕರೆ ಮಾಡಿ.

ದೂರಿನಲ್ಲಿ ಆಗುವ ದೊಡ್ಡ ತಪ್ಪು ಒಬ್ಬರನ್ನೇ ಎದುರುದಾರ ಮಾಡುವುದು. ಅಂಗಡಿ ಮೇಲೆ ಮಾತ್ರ ಹಾಕಿದರೆ 'ಚೀಟಿಯಲ್ಲಿದ್ದದ್ದೇ ಹಾಗೆ' ಅನ್ನುತ್ತಾರೆ. ಡಾಕ್ಟರು ಕೇಸಿನಲ್ಲೇ ಇಲ್ಲ, ಉತ್ತರ ಹೇಳುವವರಿಲ್ಲ. ಬರೆದವರು, ಆಸ್ಪತ್ರೆ, ಅಂಗಡಿ ಮಾಲೀಕರು, ಎಲ್ಲರನ್ನೂ ಸೇರಿಸಿ. ತಜ್ಞರ ಅಭಿಪ್ರಾಯ ಎಲ್ಲ ಕೇಸಿಗೂ ಬೇಕಿಲ್ಲ ಎಂದು ವಿ. ಕಿಶನ್ ರಾವ್ ಪ್ರಕರಣದಲ್ಲಿ (2010) ಸುಪ್ರೀಂ ಕೋರ್ಟ್ ಹೇಳಿದೆ. ಆದರೂ 'ಕಿಡ್ನಿ ಮೊದಲೇ ಕೆಟ್ಟಿತ್ತು' ಅನ್ನುವ ವಾದ ಬಂದೇ ಬರುತ್ತದೆ. ಆಗ ಕಿಡ್ನಿಯ ಸ್ಥಿತಿ ತೋರಿಸುವ ಹಳೆಯ ಕ್ರಿಯಾಟಿನಿನ್ ವರದಿಯೂ ಐಸಿಯು ವೈದ್ಯರು ಬರೆದ ರೋಗನಿರ್ಣಯವೂ ಕೈಹಿಡಿಯುತ್ತವೆ. ರೋಗಿಯಷ್ಟೇ ಅಲ್ಲ, ಮಗುವಾದರೆ ತಂದೆ ತಾಯಿಯೂ ಗ್ರಾಹಕರೇ. ನರ್ಸ್ ಕೊಟ್ಟ ತಪ್ಪು ಇಂಜೆಕ್ಷನ್ನಿನಿಂದ ಮಗುವಿನ ಮೆದುಳು ಹಾಳಾದ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಪ್ರಕರಣದಲ್ಲಿ 1998ರಲ್ಲಿ ಸುಪ್ರೀಂ ಕೋರ್ಟ್ ಮಗುವಿಗೆ 12.5 ಲಕ್ಷ, ಹೆತ್ತವರಿಗೆ ಬೇರೆಯಾಗಿ 5 ಲಕ್ಷ ಎತ್ತಿಹಿಡಿಯಿತು.

ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಯಲ್ಲಿ ಆದ ತಪ್ಪಿಗೆ ಈ ಆಯೋಗ ಇಲ್ಲ, 1995ರ ವಿ.ಪಿ. ಶಾಂತಾ ತೀರ್ಪು ಹಾಗೆ ಗೆರೆ ಎಳೆದಿದೆ. ಅಲ್ಲಿ ಸಿವಿಲ್ ದಾವೆ ಅಥವಾ ಹೈಕೋರ್ಟಿನಲ್ಲಿ ರಿಟ್. ದಾವೆಗೆ ಮುಂಚೆ ಸರ್ಕಾರಕ್ಕೆ ಎರಡು ತಿಂಗಳ ನೋಟಿಸ್ ಬೇಕು, ಆದ್ದರಿಂದ ವಕೀಲರನ್ನು ಬೇಗ ನೋಡಿ. ಬಿಲ್ಲನ್ನು ವಿಮೆ ಕಂಪನಿಯೋ ಕೆಲಸ ಕೊಟ್ಟವರೋ ಕಟ್ಟಿದ್ದರೆ ನೀವು ಗ್ರಾಹಕರೇ.

ಉಳಿದ ಕದಗಳಲ್ಲಿ ಪರಿಹಾರ ಸಿಗದು, ದಾಖಲೆ ಹುಟ್ಟುತ್ತದೆ. ವೈದ್ಯರ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತು, ಖಾಸಗಿ ಆಸ್ಪತ್ರೆಯ ಮೇಲೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರ, ಅಂಗಡಿ ಮೇಲೆ ಡ್ರಗ್ ಇನ್‌ಸ್ಪೆಕ್ಟರ್. ಮೆಥೋಟ್ರೆಕ್ಸೇಟ್‌ನಂಥ ಷೆಡ್ಯೂಲ್ ಎಚ್ ಔಷಧಿಯನ್ನು, ಅಂದರೆ ಚೀಟಿಯಿಲ್ಲದೆ ಮಾರಬಾರದ ಔಷಧಿಯನ್ನು, ನೋಂದಾಯಿತ ಫಾರ್ಮಸಿಸ್ಟ್ ಮೇಲ್ವಿಚಾರಣೆಯಿಲ್ಲದೆ ಕೊಡುವಂತಿಲ್ಲ, ಚೀಟಿಯಲ್ಲಿದ್ದದ್ದರ ಬದಲಿಗೆ ಬೇರೆ ಕೊಡುವಂತೆಯೂ ಇಲ್ಲ. ಆ ದಿನ ಅಂಗಡಿಯಲ್ಲಿ ಫಾರ್ಮಸಿಸ್ಟ್ ಇದ್ದರೇ ಅನ್ನುವ ಒಂದೇ ಪ್ರಶ್ನೆಗೆ ಎಷ್ಟೋ ಅಂಗಡಿಗಳು ತಡವರಿಸುತ್ತವೆ.

ಕೊನೆಗೆ ಡಿಸ್ಚಾರ್ಜ್ ದಿನ 'ಬಾಕಿ ಬಿಲ್ಲು ಮನ್ನಾ ಮಾಡ್ತೀವಿ, ಇಲ್ಲೊಂದು ಸೈನ್ ಹಾಕಿ' ಅಂತ ಕಾಗದ ಬರಬಹುದು. ಅದರಲ್ಲಿ 'ಚಿಕಿತ್ಸೆ ಬಗ್ಗೆ ಯಾವ ದೂರೂ ಇಲ್ಲ, ಮುಂದೆ ಯಾವ ಕ್ಲೇಮೂ ಮಾಡುವುದಿಲ್ಲ' ಅನ್ನುವ ಸಾಲು ಇದೆಯೇ ಹುಡುಕಿ. ಇದ್ದರೆ ಪ್ರತಿ ಕೇಳಿ, ವಕೀಲರಿಗೆ ತೋರಿಸದೆ ಪೆನ್ನು ಎತ್ತಬೇಡಿ. ಆ ಗಡಿಬಿಡಿಯಲ್ಲಿ ಸಹಿ ಹಾಕಲೇಬೇಕಾಗಿ ಬಂದರೆ ಸಹಿಯ ಪಕ್ಕದಲ್ಲೇ 'ನನ್ನ ಹಕ್ಕುಗಳನ್ನು ಬಿಟ್ಟುಕೊಟ್ಟಿಲ್ಲ' ಎಂದು ಕೈಯಲ್ಲಿ ಬರೆದು, ತಾರೀಖು ಹಾಕಿ, ಫೋಟೊ ತೆಗೆದುಕೊಳ್ಳಿ.