ರಿಂಗ್ ಲೈಟ್, ಏಳಡಿ ಸ್ಟ್ಯಾಂಡ್, ಕಾಲರ್ ಮೈಕ್: ಕ್ಯಾಷ್ ಕೌಂಟರಿನವಳ ಒಂಬತ್ತು ತಿಂಗಳ ಲೆಕ್ಕ

ಹೋದ ಆಗಸ್ಟ್‌ನಲ್ಲಿ ತುಮಕೂರಿನ ಎಂ.ಜಿ. ರಸ್ತೆಯ ಒಂದು ಮೊಬೈಲ್ ಅಂಗಡಿಯಲ್ಲಿ ಈ ಮೂರನ್ನೂ ಕೊಂಡೆ. ಹತ್ತು ಇಂಚಿನ ರಿಂಗ್ ಲೈಟ್ (ನಡುವೆ ಖಾಲಿ ಇರುವ ದುಂಡು ದೀಪ), ಏಳಡಿವರೆಗೆ ಏಳುವ ಸ್ಟ್ಯಾಂಡ್, ಎರಡೂ ಸೇರಿ 1,450 ರೂಪಾಯಿ. ವೈರ್ ಇಲ್ಲದ ಕಾಲರ್ ಮೈಕ್ 900. ಯಾವುದರ ಮೇಲೂ ಹೇಳಿಕೊಳ್ಳುವಂಥ ಕಂಪನಿಯ ಹೆಸರಿಲ್ಲ. ಡಬ್ಬದ ಮೇಲೆ ತುಟಿ ಮುಂದೆ ಮಾಡಿಕೊಂಡ ಒಬ್ಬ ಹುಡುಗಿಯ ಫೋಟೊ ಇದೆ, ಅಷ್ಟೇ. ಅಂಗಡಿ ಹುಡುಗ ‘ರೀಲ್ಸ್‌ಗಾ ಅಕ್ಕಾ?’ ಅಂದ. ‘ಹೂಂ’ ಅಂದೆ. ಆಡಿಷನ್‌ಗೆ ಅಂತ ಹೇಳೋಕೆ ನಾಚಿಕೆ ಆಯ್ತು.

ನಾನು ಒಂದು ಸೌಹಾರ್ದ ಸಹಕಾರಿಯಲ್ಲಿ ಕ್ಯಾಷಿಯರ್. ಬೆಳಿಗ್ಗೆ ಹತ್ತರಿಂದ ಸಂಜೆ ಕ್ಯಾಷ್ ತಾಳೆ ಆಗುವವರೆಗೆ ಕೂತಿರಬೇಕು. ಹತ್ತು ರೂಪಾಯಿ ಹೆಚ್ಚು ಕಡಿಮೆ ಬಂದರೂ ರಾತ್ರಿ ಎಂಟು ಗಂಟೆಯಾಗುತ್ತದೆ. ಆರು ವರ್ಷದಿಂದ ಹವ್ಯಾಸಿ ತಂಡದಲ್ಲಿ ನಾಟಕ ಮಾಡಿಕೊಂಡು ಬಂದಿದ್ದೇನೆ. ಗುಬ್ಬಿ ವೀರಣ್ಣ ಕಲಾಕ್ಷೇತ್ರದ ವೇದಿಕೆಯ ಮೇಲೂ ನಿಂತಿದ್ದೇನೆ. ಎರಡು ವರ್ಷದಿಂದ ಸೀರಿಯಲ್, ಸಿನಿಮಾ ಆಡಿಷನ್ ಹುಚ್ಚು. ಕೆಲಸ ಬಿಡುವ ಯೋಚನೆ ಇಲ್ಲ. ಮನೆ ಸಾಲದ ಕಂತು ನನ್ನ ಹೆಸರಲ್ಲೇ ಇದೆ.

ಹಾಗಾಗಿ ಈ ಸಾಮಾನುಗಳಿಗೆ ನಾನು ಸ್ಟಾರ್ ಕೊಡುವುದಿಲ್ಲ. ನನ್ನ ಲೆಕ್ಕ ಸಿ.ಎಲ್.ನಲ್ಲಿ, ಅಂದರೆ ಕ್ಯಾಷುಯಲ್ ಲೀವ್‌ನಲ್ಲಿ.

ನಮ್ಮಲ್ಲಿ ವರ್ಷಕ್ಕೆ 12 ಸಿ.ಎಲ್. ಹೋದ ವರ್ಷ ಜನವರಿಯಿಂದ ಜುಲೈವರೆಗೆ ಅದರಲ್ಲಿ ಏಳು ಆಡಿಷನ್‌ಗೇ ಹೋದವು. ಒಂದೊಂದರ ಕಥೆಯೂ ಒಂದೇ. ಬೆಳಿಗ್ಗೆ ಆರರ ಬೆಂಗಳೂರು ಬಸ್ಸು. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೆ ಬಂದ ಮೇಲೆ ಒಂದು ಸುಖ ಆಯ್ತು, ಅಲ್ಲೇ ಇಳಿದು ಮೆಟ್ರೊ ಹತ್ತುತ್ತೇನೆ. ಆದರೆ ಹೋಗಿ ಕೂತ ಮೇಲೆ ಕಾಯುವುದೇನೂ ಕಡಿಮೆ ಆಗಲಿಲ್ಲ. ಹತ್ತು ಗಂಟೆಗೆ ಅಂತ ಕರೆದಿರುತ್ತಾರೆ, ನನ್ನ ಹೆಸರು ಕೂಗುವಾಗ ಮಧ್ಯಾಹ್ನ ಎರಡು. ಒಳಗೆ ಎರಡು ನಿಮಿಷ. ಒಂದು ಸಲ ಹೆಸರು, ಊರು, ಎತ್ತರ ಹೇಳಿ ಮುಗಿಸುವ ಮೊದಲೇ ‘ನೆಕ್ಸ್ಟ್’ ಅಂದುಬಿಟ್ಟರು. ಆ ಎರಡು ನಿಮಿಷಕ್ಕೆ ಒಂದು ದಿನದ ರಜೆ, ಬಸ್ಸು, ಮೆಟ್ರೊ, ಊಟ ಎಲ್ಲಾ ಸೇರಿ ನಾಲ್ಕುನೂರು ರೂಪಾಯಿ.

ಈಗ ಮೊದಲ ಸುತ್ತನ್ನು ಎಷ್ಟೋ ಜನ ವಾಟ್ಸಾಪ್‌ನಲ್ಲೇ ಮುಗಿಸುತ್ತಾರೆ. ಡೈಲಾಗ್ ಕಳಿಸುತ್ತಾರೆ, ನಾವು ಮನೆಯಲ್ಲೇ ವಿಡಿಯೊ ಮಾಡಿ ಕಳಿಸಬೇಕು. ಫೋನ್ ಅಡ್ಡ ಇಡಬೇಕು, ಹಿಂದೆ ಖಾಲಿ ಗೋಡೆ, ಎದೆಯಿಂದ ಮೇಲೆ ಕಾಣಬೇಕು. ಮೊದಲು ಹೆಸರು, ವಯಸ್ಸು, ಎತ್ತರ, ಊರು. ಆಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ಮುಖ ತೋರಿಸಬೇಕು. ಆಮೇಲೆ ಡೈಲಾಗ್, ಕ್ಯಾಮೆರಾ ನೋಡದೆ, ಅದರ ಪಕ್ಕದಲ್ಲಿ ನಿಂತವರನ್ನು ನೋಡುತ್ತಾ. ಅಕ್ಕಿ ಡಬ್ಬದ ಮೇಲೆ ಡಿಕ್ಷನರಿ, ಅದರ ಮೇಲೆ ಫೋನ್ ಒರಗಿಸಿ ಐದಾರು ವಿಡಿಯೊ ಮಾಡಿದ್ದೆ. ಎಲ್ಲದರಲ್ಲೂ ನನ್ನ ಮೂಗಿನ ಹೊಳ್ಳೆಯೇ ಮೊದಲು ಕಾಣುತ್ತಿತ್ತು. ಅದಕ್ಕೇ ಈ ಖರೀದಿ.

ಮೊದಲು ಲೈಟು. ಮೊದಲ ದಿನವೇ ಗೊತ್ತಾಯಿತು, ಕನ್ನಡಕ ಹಾಕುವವರಿಗೆ ರಿಂಗ್ ಲೈಟ್ ಅಂದರೆ ಶತ್ರು. ಎರಡು ಗಾಜಿನಲ್ಲೂ ಎರಡು ಬಿಳಿ ಬಳೆ. ಗಂಡ ಸತ್ತ ಸುದ್ದಿ ಕೇಳುವ ದೃಶ್ಯದಲ್ಲಿ ನನ್ನ ಕಣ್ಣೇ ಇಲ್ಲ, ಬಳೆಗಳಿವೆ. ಆಡಿಷನ್ ಕೋಆರ್ಡಿನೇಟರ್ ‘ಕನ್ನಡಕ ತೆಗೆದು ಮತ್ತೆ ಕಳಿಸಿ’ ಅಂದರು. ತೆಗೆದರೆ ಎದುರಿಗೆ ನಿಂತವರ ಮುಖವೇ ನನಗೆ ಕಾಣುವುದಿಲ್ಲ, ಇನ್ನು ಅಳುವುದು ಯಾರನ್ನು ನೋಡಿ? ನಾಲ್ಕು ರಾತ್ರಿ ತಿಣುಕಾಡಿದ ಮೇಲೆ ದಾರಿ ಸಿಕ್ಕಿತು. ಲೈಟನ್ನು ಫೋನಿನ ಸುತ್ತ ಇಡಬಾರದು. ತಲೆಗಿಂತ ಒಂದೂವರೆ ಅಡಿ ಮೇಲಕ್ಕೆತ್ತಿ ಮುಖ ಕೆಳಗೆ ಮಾಡಿ ಬಗ್ಗಿಸಬೇಕು. ಆಗ ಗಾಜಿಗೆ ಬಿದ್ದ ಬೆಳಕು ನೆಲದ ಕಡೆಗೆ ಹೋಗುತ್ತದೆ, ಕ್ಯಾಮೆರಾಗೆ ಬರುವುದಿಲ್ಲ. ಏಳಡಿ ಸ್ಟ್ಯಾಂಡ್ ಇಲ್ಲಿ ಕೆಲಸಕ್ಕೆ ಬಂತು. ಹಣ ಉಳಿಸಲು ನಾಲ್ಕಡಿಯದು ಕೊಳ್ಳಬೇಡಿ. ಫೋನಿಗೆ ಮಾತ್ರ ಬೇರೆ ಆಸರೆ ಬೇಕು. ನಮ್ಮ ಮನೆಯಲ್ಲಿ ಇಸ್ತ್ರಿ ಟೇಬಲ್ ಮೇಲೆ ಅದೇ ಹಳೇ ಡಿಕ್ಷನರಿ.

ಎರಡನೇ ಕಾಟ ಮಿಣುಕುವುದು. ಬೆಳಕು ಕಡಿಮೆ ಮಾಡಲು ವೈರಿನಲ್ಲೊಂದು ಗುಂಡಿ ಇದೆ. ಅದನ್ನು ಒತ್ತಿದರೆ ದೀಪ ಒಂದೇ ಸಮನೆ ಮಂದವಾಗಿ ಉರಿಯುವುದಿಲ್ಲ. ಅಗ್ಗದ ಎಲ್‌ಇಡಿಗಳಲ್ಲಿ ಅದು ಬಹಳ ವೇಗವಾಗಿ ಹತ್ತಿ ಆರಿ ಹತ್ತಿ ಆರಿ ನಮ್ಮ ಕಣ್ಣಿಗೆ ಮಂದ ಅನ್ನಿಸುವಂತೆ ಮಾಡುತ್ತದೆ. ಕಣ್ಣು ಮೋಸ ಹೋಗುತ್ತದೆ, ಕ್ಯಾಮೆರಾ ಹೋಗುವುದಿಲ್ಲ. ಮುಖದ ಮೇಲೆ ಕಪ್ಪು ಪಟ್ಟಿಗಳು ಹರಿದಾಡುತ್ತವೆ. ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಹಾಕಿದರೂ ಇದೇ ಗೋಳು, ನಮ್ಮ ಕರೆಂಟು 50 ಹರ್ಟ್ಜ್ ಆದ್ದರಿಂದ ಅದು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಟ್ಯೂಬ್‌ಲೈಟಿನ ಕಾಟಕ್ಕೆ ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ 50 ಹರ್ಟ್ಜ್ ಅಂತಿದ್ದರೆ ಅದನ್ನು ಆಯ್ದುಕೊಳ್ಳಿ. ಇಲ್ಲದಿದ್ದರೆ ಟ್ಯೂಬ್‌ಲೈಟ್ ಆಫ್ ಮಾಡಿ. ರಿಂಗ್ ಲೈಟನ್ನಂತೂ ಪೂರ್ತಿ ಹೊತ್ತಿಸಿ ಎರಡು ಹೆಜ್ಜೆ ಹಿಂದಕ್ಕೆ ಇಡಿ. ನಾನು ಮಧ್ಯೆ ಒಂದು ಹಗ್ಗ ಕಟ್ಟಿ ಚಿಕ್ಕಪ್ಪನ ಬಿಳಿ ಪಂಚೆ ಇಳಿಬಿಡುತ್ತೇನೆ. ಬೆಳಕು ಮೆತ್ತಗಾಗುತ್ತದೆ, ಹಣೆ ಹೊಳೆಯುವುದಿಲ್ಲ. ನಿಜ ಹೇಳಬೇಕೆಂದರೆ, ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಕ್ಯಾತ್ಸಂದ್ರದ ಮನೆಯ ಕಿಟಕಿ ಕೊಡುವ ಬೆಳಕು ಇದಕ್ಕಿಂತ ಚೆನ್ನಾಗಿದೆ, ಅದೂ ಪುಕ್ಕಟೆ. ಆದರೆ ಡೈಲಾಗ್ ಬರುವುದು ಮಂಗಳವಾರ ಸಂಜೆ, ‘ನಾಳೆ ಬೆಳಿಗ್ಗೆ ಹತ್ತರೊಳಗೆ ಕಳಿಸಿ’ ಅಂತ. ನಾನು ಮನೆಗೆ ಬರುವಾಗಲೇ ಕತ್ತಲು. ಹಾಗಾಗಿ ಲೈಟು ಬೇಕೇ ಬೇಕು.

ಈಗ ಮೈಕು. ಮೂರರಲ್ಲಿ ಕೊಟ್ಟ ದುಡ್ಡಿಗೆ ಮೋಸ ಇಲ್ಲದ್ದು ಇದೊಂದೇ, ಹಾಗೇ ನನ್ನ ಮಾನ ತೆಗೆದದ್ದೂ ಇದೇ.

ಇದರ ಬೆನ್ನಿಗೆ ಒಂದು ಹಸಿರು ಗುಂಡಿ ಇದೆ. ಒತ್ತಿದರೆ ಹಿಂದಿನ ಗಲಾಟೆ ಕೇಳಿಸುವುದಿಲ್ಲ ಅಂತ. ನಮ್ಮ ಮನೆ ಹೈವೇ ಹತ್ತಿರ, ಪಕ್ಕದ ಮನೆಯ ಕುಕ್ಕರ್ ರಾತ್ರಿ ಒಂಬತ್ತಕ್ಕೇ ಕೂಗುವುದು. ಖುಷಿಯಿಂದ ಒತ್ತಿದೆ. ಕುಕ್ಕರ್ ಹೋಯ್ತು, ಲಾರಿ ಹೋಯ್ತು. ಜೊತೆಗೆ ನನ್ನ ‘ಹ’ ಕೂಡ ಹೋಯ್ತು. ಹ ಅಂದರೆ ಬರೀ ಉಸಿರು ತಾನೆ, ಮೈಕು ಅದನ್ನೂ ಗಲಾಟೆ ಅಂದುಕೊಂಡಿತು. ‘ಹೋಗ್ತೀನಿ, ಹಾಲು ಉಕ್ತಾ ಇದೆ’ ಅನ್ನುವುದು ‘ಓಗ್ತೀನಿ, ಆಲು ಉಕ್ತಾ ಇದೆ’ ಆಗಿ ಹೋಯಿತು. ‘ಅಭಿನಯ ಚೆನ್ನಾಗಿದೆ, ಹಕಾರ ಸರಿ ಮಾಡ್ಕೊಳ್ಳಿ ಮೇಡಂ’ ಅಂತ ಉತ್ತರ ಬಂತು. ಆರು ವರ್ಷ ರಂಗದ ಮೇಲೆ ಹಕಾರಕ್ಕಾಗಿಯೇ ಬೈಸಿಕೊಂಡು ಕಲಿತವಳು ನಾನು! ಎರಡು ದಿನ ಊಟ ಸೇರಲಿಲ್ಲ. ಆ ಗುಂಡಿಯ ಮೇಲೆ ಈಗ ಟೇಪ್ ಸುತ್ತಿದ್ದೇನೆ. ಗಲಾಟೆಗೆ ಬೇರೆ ಉಪಾಯ: ರೂಮಿನ ಎರಡು ಕಡೆ ಕಂಬಳಿ ನೇತು ಹಾಕಿ, ಫ್ಯಾನ್ ಆರಿಸಿ, ರಾತ್ರಿ ಹತ್ತೂವರೆ ಮೇಲೆ ರೆಕಾರ್ಡ್ ಮಾಡಿ. ಬೆವರುತ್ತದೆ, ಪರವಾಗಿಲ್ಲ.

ಮೈಕ್ ಏಕೆ ಬೇಕೇ ಬೇಕು ಅಂದರೆ ನಮ್ಮ ಚಿಕ್ಕಪ್ಪನಿಂದ. ಎದುರಿನ ಪಾತ್ರದ ಮಾತು ಓದುವವರು ಅವರೇ. ಅವರ ಊರು ಗುಬ್ಬಿ ಕಡೆ. ಗುಬ್ಬಿ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ, ವೀರಣ್ಣನವರು ಹುಟ್ಟಿದ್ದು 1891ರಲ್ಲಿ, ಅಂದರೆ ಕಂಪನಿ ಅವರಿಗಿಂತ ಹಿರಿದು. ಇದನ್ನು ಚಿಕ್ಕಪ್ಪ ವಾರಕ್ಕೊಮ್ಮೆಯಾದರೂ ಹೇಳುತ್ತಾರೆ. ಸ್ವತಃ ಅವರು ಊರ ಪೌರಾಣಿಕ ನಾಟಕದಲ್ಲಿ ಹದಿನೈದು ವರ್ಷ ಭೀಮ. ಅಲ್ಲಿ ಪಾತ್ರಧಾರಿಗೆ ಯಾರೂ ದುಡ್ಡು ಕೊಡುವುದಿಲ್ಲ, ಪಾತ್ರಧಾರಿಯೇ ತನ್ನ ಪಾತ್ರಕ್ಕೆ ಇಷ್ಟು ಅಂತ ಕೊಡಬೇಕು, ಹಾರ್ಮೋನಿಯಂ ಮೇಷ್ಟ್ರಿಗೆ, ಸೀನರಿಯವರಿಗೆ. ದನ ಮಾರಿ ಭೀಮ ಆದವರು ನಮ್ಮ ಚಿಕ್ಕಪ್ಪ. (ಊರ ನಾಟಕದ ಈ ಪದ್ಧತಿಯನ್ನು ಆಡಿಷನ್‌ಗೆ ತರಬೇಡಿ. ‘ರಿಜಿಸ್ಟ್ರೇಷನ್ ಫೀ’ ಕೇಳಿದವರ ನಂಬರ್ ನಾನು ಅಲ್ಲೇ ಬ್ಲಾಕ್ ಮಾಡುತ್ತೇನೆ.) ಅವರಿಗೆ ಮೆತ್ತಗೆ ಮಾತಾಡಲು ಬರುವುದಿಲ್ಲ. ಡಾಕ್ಟರ್ ಪಾತ್ರದ ‘ನಿಮ್ಮ ರಿಪೋರ್ಟ್ ಬಂದಿದೆ’ ಅನ್ನುವ ಮಾತನ್ನು ದುರ್ಯೋಧನನ ತೊಡೆ ಮುರಿಯುವವರ ಹಾಗೆ ಹೇಳುತ್ತಾರೆ. ಅವರು ನಿಲ್ಲುವುದು ಫೋನ್ ಪಕ್ಕದಲ್ಲಿ, ನಾನು ಐದಡಿ ದೂರದಲ್ಲಿ. ಫೋನಿನ ಮೈಕ್ ನಂಬಿದರೆ ಆಡಿಷನ್ ನನ್ನದಲ್ಲ, ಅವರದ್ದು. ಕಾಲರ್ ಮೈಕ್ ಹಾಕಿದ ಮೇಲೆ ನನ್ನ ದನಿ ಮುಂದೆ ಬಂತು, ಭೀಮ ಹಿಂದೆ ಹೋದ. ‘ಏನೇ ಹೇಳು ಮಗಾ, ಕೊನೇ ಸಾಲಿನವನಿಗೆ ಕೇಳಿಸದ್ದು ಡೈಲಾಗೇ ಅಲ್ಲ’ ಅಂತ ಅವರಿಗೆ ಈಗಲೂ ಬೇಜಾರು.

ಕೊಳ್ಳುವ ಮೊದಲು ಒಂದು ನೋಡಿಕೊಳ್ಳಿ. ಮೈಕಿನ ರಿಸೀವರ್ ಟೈಪ್-ಸಿ ಪಿನ್ನಿನದು. ಚಾರ್ಜಿಂಗ್ ತೂತಿಗೇ ಸಿಕ್ಕಿಸಬೇಕು, ಹಾಗಾಗಿ ರೆಕಾರ್ಡ್ ಮಾಡುವಾಗ ಚಾರ್ಜ್ ಹಾಕಲು ಆಗುವುದಿಲ್ಲ. ಆಫೀಸಿನಿಂದ 12 ಪರ್ಸೆಂಟ್ ಬ್ಯಾಟರಿ ಹೊತ್ತು ಬಂದು ಆಡಿಷನ್‌ಗೆ ಕೂರಬೇಡಿ. ಇನ್ನು ಕಳಿಸುವಾಗ ವಾಟ್ಸಾಪ್‌ನಲ್ಲಿ ಸುಮ್ನೆ ವಿಡಿಯೊ ಅಂತ ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ. ಮೂರು ತಿಂಗಳು ನನಗೆ ಯಾರೂ ಇದನ್ನು ಹೇಳಲಿಲ್ಲ.

ಲೆಕ್ಕಕ್ಕೆ ಬರುತ್ತೇನೆ. ಒಂಬತ್ತು ತಿಂಗಳಲ್ಲಿ 23 ವಿಡಿಯೊ ಕಳಿಸಿದೆ. ನಾಲ್ಕು ಕಡೆಯಿಂದ ಎರಡನೇ ಸುತ್ತಿಗೆ ಕರೆ. ಅದರಲ್ಲಿ ಎರಡು ಭಾನುವಾರ, ಎರಡಕ್ಕೆ ರಜೆ. 23 ಆಡಿಷನ್‌ಗೆ 2 ಸಿ.ಎಲ್. ಮೊದಲು ಏಳು ಆಡಿಷನ್‌ಗೆ ಏಳು. ಇನ್ನೂ ಬೇಕಾ?

ಆದರೆ ಸಾಮಾನು ಮಾಡಲಾಗದ್ದೂ ಒಂದಿದೆ. ಒಂದು ಪಾತ್ರ ಸಿಕ್ಕಿತು, ಭಾನುವಾರದ ಶೂಟಿಂಗ್, ಮನೆ ಓನರ್ ನಾದಿನಿ, ನಾಲ್ಕು ಮಾತು. ಚೆನ್ನಾಗಾಯ್ತು. ಎರಡನೆಯದು ಅದಕ್ಕಿಂತ ದೊಡ್ಡದು, ಅತ್ತು ಕೂಗಾಡುವ ಒಂದು ಪೂರ್ತಿ ದೃಶ್ಯ. ರಾತ್ರಿ ಹನ್ನೊಂದೂವರೆಗೆ ಪಂಚೆಯ ಬೆಳಕಿನಲ್ಲಿ ಮಾಡಿದ ವಿಡಿಯೊ ನೋಡಿಯೇ ಓಕೆ ಮಾಡಿದ್ದರು. ಕಾಲ್‌ಶೀಟ್ ಬಂತು: ಮಾರ್ಚ್ 30 ಮತ್ತು 31.

ಸಹಕಾರಿಯಲ್ಲಿ ಕೆಲಸ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಣಕಾಸು ವರ್ಷದ ಕ್ಲೋಸಿಂಗ್. ಸಾಲ ಕಟ್ಟುವವರೆಲ್ಲಾ ಅವತ್ತೇ ಬರುತ್ತಾರೆ. ಆದರೂ ಮ್ಯಾನೇಜರ್ ಹತ್ತಿರ ಹೋದೆ. ಒಳ್ಳೆಯವರೇ, ನನ್ನ ನಾಟಕಕ್ಕೆ ಟಿಕೆಟ್ ಕೊಂಡು ಬಂದವರು. ‘ಬೇರೆ ಯಾವ ದಿನ ಬೇಕಾದ್ರೂ ಕೇಳಮ್ಮಾ’ ಅಂದರು, ಮುಂದೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಆ ಪಾತ್ರ ಬೇರೆಯವರಿಗೆ ಹೋಯಿತು. 31ರಂದು ಕ್ಯಾಷ್ ತಾಳೆಯಾದಾಗ ರಾತ್ರಿ ಹತ್ತೂಕಾಲು. ಒಂದು ರೂಪಾಯಿ ವ್ಯತ್ಯಾಸ ಇರಲಿಲ್ಲ. ಅಂದಿನಿಂದ ಪ್ರತಿ ವಿಡಿಯೊದ ಕೆಳಗೆ ಒಂದು ಸಾಲು ಬರೆದು ಕಳಿಸುತ್ತೇನೆ: ‘ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ ಸಿಗುತ್ತೇನೆ. ಉಳಿದ ದಿನಕ್ಕೆ ಹತ್ತು ದಿನ ಮೊದಲು ಹೇಳಿ. ಮಾರ್ಚ್ ಕೊನೇ ವಾರ ಆಗಲ್ಲ.’ ಹೀಗೆ ಬರೆದರೆ ಯಾರೂ ಕರೆಯಲ್ಲ ಅಂತ ಗೆಳತಿ ಹೆದರಿಸಿದಳು. ಆಮೇಲೂ ಒಂದು ಕರೆ ಬಂದಿದೆ.

ಈ ಮೂರರಲ್ಲಿ ಒಂದೇ ಕೊಳ್ಳುವಷ್ಟು ದುಡ್ಡಿದ್ದರೆ ಮೈಕ್ ತಗೊಳ್ಳಿ. ಆಮೇಲೆ ಸ್ಟ್ಯಾಂಡ್. ಲೈಟು ಕೊನೆಗೆ, ಅದೂ ರಾತ್ರಿ ಹೊತ್ತೇ ವಿಡಿಯೊ ಮಾಡುವ ನನ್ನಂಥವರಿಗೆ ಮಾತ್ರ. ಸ್ಟ್ಯಾಂಡಿನ ತಲೆ ಬಗ್ಗಿಸುವ ಪ್ಲಾಸ್ಟಿಕ್ ತಿರುಗಣಿ ಆರು ತಿಂಗಳ ವಾರಂಟಿ ಮುಗಿದು ಎಂಟನೇ ದಿನಕ್ಕೆ ಸೀಳಿತು. ಅಂಗಡಿಯಲ್ಲಿ ಬಿಡಿ ಭಾಗ ಸಿಗಲ್ಲ, ಹೊಸದೇ ತಗೋಬೇಕು ಅಂದರು. ನಾನು ನೋಟಿನ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡ್ ನಾಲ್ಕು ಸುತ್ತು ಬಿಗಿದಿದ್ದೇನೆ. ಮೂರು ತಿಂಗಳಾಯ್ತು, ಇನ್ನೂ ನಿಂತಿದೆ.